ಗಂಜಿ ಹಾಕಿದ ರೆಕ್ಕೆ

ಬಾಗಲಕೋಟೆಯ ದವಾಖಾನೆಯಿಂದ ಗಂಡನ ದೇಹವನ್ನು ಇಳಕಲ್ಲಿಗೆ ತಂದ ದಿನ ನಾನು ಅಳಲಿಲ್ಲ. ದಿನಕರ್ಮದಂದೂ ಅಳಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡುತ್ತ ಚಹಾ ಕುಡಿದು ಹೋದರು. ನಾನು ಮಗ್ಗಕ್ಕೆ ಕೂತೆ. ಪಕ್ಕದಲ್ಲಿ ಗಂಡನ ಮೋಟರ್‌ಸೈಕಲ್ಲು ಧೂಳು ತಿನ್ನುತ್ತ ನಿಂತಿತ್ತು.

ಮೈದುನ ಪವರ್‌ಲೂಮ್ ರಿಪೇರಿ ಮಾಡುವವನು. ಅವನ ತಲೆಯೊಳಗೆ ವಿಮಾನ ಹೊಕ್ಕು ಬಹಳ ವರ್ಷವಾಗಿತ್ತು. ಫೋನಿನಲ್ಲಿ ನೋಡಿ ನೋಡಿ, ಹಿತ್ತಲಲ್ಲಿ ಅಲ್ಯುಮಿನಿಯಂ ಪೈಪುಗಳನ್ನು ಜೋಡಿಸಿ, ಕೂರಲು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬಿಗಿದಿದ್ದ. ಹಳೆಯ ಮೊಪೆಡ್ಡಿನ ಎಂಜಿನ್ ಕೂರಿಸಿದರೆ ಪಂಖ ತಿರುಗಿತು, ವಿಮಾನ ಇದ್ದಲ್ಲಿಂದ ಕದಲಲಿಲ್ಲ. ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತ.

"ವೈನಿ, ಅಣ್ಣನ ಗಾಡಿ ಎಂಜಿನ್ ಕೊಡ್ತೀರೇನ್ರಿ?"

ಅತ್ತೆ ಸಿಡಿದರು. "ನಿನಗೇನರ ಬುದ್ಧಿ ಐತೇನಲೇ? ಆಕಿನ್ನ ಏನ್ ಕೇಳಾಕತ್ತೀ?"

"ಒಯ್ಯಿ," ಎಂದೆ. ದೊಡ್ಡ ಮನಸ್ಸೇನಲ್ಲ; ಗ್ಯಾಸ್ ಒಲೆ ಕೇಳಿದ್ದರೂ ಹಾಗೆಯೇ ಅನ್ನುತ್ತಿದ್ದೆ. ಆದರೆ ಒಳಗೊಂದು ಆಸೆಯಿತ್ತು. ದಿನಾ ಸಂಜೆ ಹಿಟ್ಟಿನ ಗಿರಣಿಯ ತಿರುವಿನಲ್ಲಿ ಆ ಗಾಡಿಯ ಸದ್ದು ಕೇಳಿದ ಕೂಡಲೇ ನಾನು ರೊಟ್ಟಿ ಬಡಿಯಲು ಶುರು ಮಾಡುತ್ತಿದ್ದೆ. ಅವರು ಕೈಕಾಲು ತೊಳೆದು ಕೂರುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳಬೇಕು. ಆ ಸದ್ದು ಮತ್ತೊಮ್ಮೆ ಕೇಳಿದರೆ ನನಗೆ ಅಳು ಬರಬಹುದು ಅನಿಸಿತ್ತು. ಅಳು ಬಂದರೆ ಸಾಕಾಗಿತ್ತು.

ಮೈದುನ ಎಂಜಿನ್ ಬಿಚ್ಚಿಕೊಂಡು ಹೋದ. ಗಾಡಿಯ ಎಂಜಿನ್ ವಿಪರೀತ ಜೋರಾಗಿ ತಿರುಗುತ್ತದಂತೆ, ಪಂಖ ಅಷ್ಟು ಜೋರಾಗಿ ತಿರುಗಿದರೆ ಗಾಳಿ ಸರಿಯಾಗಿ ಹಿಡಿಯುವುದಿಲ್ಲವಂತೆ. ಅದಕ್ಕೆ ಗಾಡಿಯ ಗೇರನ್ನೇ ಉಳಿಸಿಕೊಂಡು, ಹಿಂದಿನ ಗಾಲಿಯ ಚೈನನ್ನು ಪಂಖಕ್ಕೆ ಹಾಕಿದ. ಪಂಖವನ್ನು ಮಗ್ಗ ಮಾಡುವ ಬಡಿಗ ಸಾಗವಾನಿಯಲ್ಲಿ ಕೆತ್ತಿಕೊಟ್ಟ. ಭಾರ ಎಂದು ಸೈಲೆನ್ಸರನ್ನು ಮೈದುನ ಮನೆಯಲ್ಲೇ ಬಿಟ್ಟ.

ರೆಕ್ಕೆಯ ಬಟ್ಟೆ ನನ್ನ ಪಾಲಿಗೆ ಬಂತು. ಹೊಲಿದದ್ದಾಯಿತು, ಆದರೆ ಬಟ್ಟೆ ಬಿಗಿಯಾಗಬೇಕಲ್ಲ? ಅದಕ್ಕೆ ಬೇರೆ ಯಾವುದೋ ಬಣ್ಣದಂಥದ್ದು ಬಳಿಯುತ್ತಾರಂತೆ, ನಮ್ಮ ಕಡೆ ಅದು ಸಿಗಲಿಲ್ಲ. "ನಮ್ಮ ಗಂಜಿ ಏನ್ ಕಡಿಮಿ ಐತ್ರಿ ವೈನಿ?" ಎಂದ ಮೈದುನ. ನೇಕಾರರ ಮನೆಯಲ್ಲಿ ಈ ಮಾತಿಗೆ ಇಲ್ಲ ಅನ್ನುವವರು ಯಾರು? ಮಗ್ಗಕ್ಕೆ ಏರಿಸುವ ಹಾಸಿನ ನೂಲಿಗೆ ಕಾಯಿಸುವ ಹಾಗೆಯೇ ಗಂಜಿ ಕಾಯಿಸಿ, ರೆಕ್ಕೆಗೆ ಕುಂಚದಿಂದ ಬಳಿದೆ. ಒಣಗಿದ ಮೇಲೆ ಬೆರಳಲ್ಲಿ ಬಾರಿಸಿದರೆ ಹಲಗೆ ವಾದ್ಯದ ಹಾಗೆ ನುಡಿಯಿತು. ಅತ್ತೆಗೂ ಒಳಗೊಳಗೆ ಜಂಬ.

ಹುನಗುಂದದ ದಾರಿಯಲ್ಲಿ ಪರಿಚಯದವರ ಕೆಂಪು ಮಣ್ಣಿನ ಮಸಾರಿ ಹೊಲ ಖಾಲಿ ಬಿದ್ದಿತ್ತು. ಮೈದುನ, ಅವನ ಗೆಳೆಯರು ಟೆಂಪೋದಲ್ಲಿ ವಿಮಾನವನ್ನು ಅಲ್ಲಿಗೆ ಒಯ್ದು ಜೋಡಿಸಿದರು. ಬೆಳಗಿನ ಇಬ್ಬನಿಗೆ ರೆಕ್ಕೆ ಜೋತುಬಿದ್ದಿತ್ತು. ಬಿಸಿಲಿಗೆ ಬಿಗಿಯಾಗುತ್ತದೆ, ಅಲ್ಲಿತನಕ ಎಂಜಿನ್ ನೋಡೋಣ ಎಂದು ಬಾಲವನ್ನು ಬೇವಿನ ಮರಕ್ಕೆ ಕಟ್ಟಿ ಮೈದುನ ಕಿಕ್ ಹೊಡೆದ. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು.

ಎಂಜಿನ್ ಚಾಲೂ ಆಯಿತು. ಹಗ್ಗ ಬಿಗಿದು ಮರ ಅಲುಗಿತು. ಆದರೆ ಆ ಸದ್ದು ಅವರ ಗಾಡಿಯದ್ದಲ್ಲ. ಬರೀ ಗದ್ದಲ, ಕಿವಿ ಕಿತ್ತುಹೋಗುವಂಥದ್ದು. ನಾನು ಕಾದೆ. ಎದೆಯೊಳಗೆ ಏನೂ ಆಗಲಿಲ್ಲ. ಅಷ್ಟೇ ಹಾಗಾದರೆ, ಅಂದುಕೊಂಡೆ.

ಮೈದುನ ಎಂಜಿನ್ ಬಂದ್ ಮಾಡಿ ನನ್ನನ್ನೇ ನೋಡಿದ. "ಹೆಂಗೈತ್ರಿ?"

"ಚಲೋ ಐತಿ."

ಅಮೀನಗಡದ ಕರದಂಟು ಹಂಚಿದರು. ಎಲ್ಲರೂ ಎಂಜಿನ್ನಿಗೆ ಮುತ್ತಿಕೊಂಡು ಬಾಯಿ ಚಪ್ಪರಿಸುತ್ತಿದ್ದಾಗ, ಆಚೆ ಬದಿಯಲ್ಲಿ ಎಮ್ಮೆಯೊಂದು ರೆಕ್ಕೆ ನೆಕ್ಕುತ್ತಿತ್ತು. ಗಂಜಿಯ ರುಚಿ ಹತ್ತಿದ ಅದು ಆಗಲೇ ಬಟ್ಟೆಯನ್ನೂ ಜಗ್ಗಲು ಶುರು ಮಾಡಿತ್ತು. ಅತ್ತೆ ಚಪ್ಪಲಿ ಹಿಡಿದು ಓಡಿದರು. ಅಷ್ಟರಲ್ಲಿ ಅರ್ಧ ರೆಕ್ಕೆ ಎಮ್ಮೆಯ ಹೊಟ್ಟೆಯೊಳಗಿತ್ತು. ಮೈದುನ ನೆಲಕ್ಕೆ ಕುಕ್ಕರಿಸಿ ನಗಲೂ ಆಗದೆ ಅಳಲೂ ಆಗದೆ ಕೂತ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ರೆಕ್ಕೆಗೆ ಹೊಸ ಬಟ್ಟೆ ಆಗುವತನಕ ಎಂಜಿನ್ ಅಣ್ಣನ ಗಾಡಿಯಲ್ಲೇ ಇರಲಿ ಎಂದು ಮೈದುನ ಅದನ್ನು ತಂದು ಮತ್ತೆ ಜೋಡಿಸಿದ. ಯಾವಾಗ ಮುಗಿಸಿದನೋ ನಾನು ಗಮನಿಸಲಿಲ್ಲ. ಸಂಜೆ ಅಡುಗೆಮನೆಯಲ್ಲಿದ್ದೆ. ನಮ್ಮೆಲ್ಲರ ರೊಟ್ಟಿ ಮುಗಿಸಿ ಕೈ ತೊಳೆಯಲು ಏಳುವವಳಿದ್ದೆ. ಏಳಲಿಲ್ಲ. ಉಳಿದ ಹಿಟ್ಟನ್ನು ನಾದಿ, ಬಡಿದು, ಹೆಂಚಿನ ಮೇಲೆ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು, ಗಿರಣಿಯ ತಿರುವಿನಲ್ಲಿ ಗಾಡಿ ತಿರುಗಿದೆ. ಸೈಲೆನ್ಸರ್ ಹಾಕಿದ ಗಾಡಿ. ಅದೇ ಸದ್ದು.

ಕೀಲಿಕೈ ಹಿಡಿದು ಒಳಗೆ ಬಂದವನು ಮೈದುನ. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಏಳುತ್ತಿತ್ತು, ಹಿಟ್ಟಿನ ಕೈಯನ್ನೇ ಮುಖಕ್ಕೆ ಒತ್ತಿಕೊಂಡು ನಾನು ಬಾಯಿಬಿಟ್ಟು ಅಳುತ್ತಿದ್ದೆ. ಅತ್ತೆ ಬಂದು ಒಲೆ ಆರಿಸಿದರು.

ಅವನು ಹೆದರಿಬಿಟ್ಟ. "ತಪ್ಪಾತ್ರಿ ವೈನಿ, ಇನ್ನ ಚಾಲೂ ಮಾಡೂದಿಲ್ರಿ."

"ಮಾಡು," ಎಂದೆ. "ಗಿರಣಿತನಕ ಇನ್ನೊಮ್ಮೆ ಹೋಗಿ ಬಾ."