ಬಹ್ರೈನಿನಲ್ಲಿ ಮಿಂದ ಸೂತಕದ ಸ್ನಾನ

ಮುಂಬಯಿಯಿಂದ ಹೊರಟ ವಿಮಾನ ಬಹ್ರೈನಿನಲ್ಲಿ ಇಳಿದಾಗ ನಡುಮಧ್ಯಾಹ್ನ. ಬಾಗಿಲು ತೆರೆದದ್ದೇ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗಾಯಿತು. ತಂಗಿಗೆಂದು ಕೈಚೀಲದಲ್ಲಿ ತಂದ ಮಿಡಿ ಉಪ್ಪಿನಕಾಯಿಯ ಬಾಟಲಿ ಒಡೆಯದೆ ಬಂದಿತ್ತು. ಅಲ್ಲೇ ನಿಂತು ಕೃಷ್ಣನಿಗೆ ಕೈಮುಗಿದೆ. ತಂಗಿ ಸುಮತಿ ಕಾರು ತಂದಿದ್ದಳು. ಉಮ್ ಅಲ್ ಹಸ್ಸಮ್‌ನ ಅವಳ ಫ್ಲ್ಯಾಟಿನಲ್ಲಿ ಕೈಕಾಲು ತೊಳೆಯಲು ಹೋದರೆ ತಣ್ಣೀರಿನ ನಲ್ಲಿಯಲ್ಲೂ ಸುಡುನೀರು.

"ತಾರಸಿಯ ಟ್ಯಾಂಕು ಕಾದಿರ್ತದೆ ಅಕ್ಕ. ಇಲ್ಲಿ ಬೆಳಿಗ್ಗೆಯೇ ಮೀಯಬೇಕು. ಈ ಹೊತ್ತಿಗೆ ಮಿಂದರೆ ಬೆಂದು ಹೋಗ್ತಿ," ಎಂದಳು.

ಆ ಶುಕ್ರವಾರ ರಜೆ. ಮೇಲಿನ ಫ್ಲ್ಯಾಟಿನ ಮರಿಯಾ ಊಟಕ್ಕೆ ಬಂದರು. ಇಟಲಿಯ ಸಾರ್ಡಿನಿಯಾ ದ್ವೀಪದವರು, ಬಹ್ರೈನಿನ ಅದ್ಲಿಯಾ ಪೇಟೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ನೀರುದೋಸೆಯನ್ನು ಕೈಯಲ್ಲೇ ಹರಿದು ತಿಂದರು. ಅವರು ನನಗೆ ಇಷ್ಟವಾಗಲು ಅಷ್ಟು ಸಾಕಾಯಿತು. ಊಟವಾದ ಮೇಲೆ ವಿಡಿಯೊ ಕ್ಯಾಸೆಟ್ ತೆಗೆದರು. ಅವರ ತಮ್ಮ ಅವರಿವರಲ್ಲಿ ಹಣ ಬೇಡಿ ತೆಗೆದ ಸಿನಿಮಾವಂತೆ. ನಟಿಸಿದವರೆಲ್ಲ ಊರವರೇ, ಮಾತೂ ಅವರ ಊರಿನದೇ.

"ರೋಮಿನವರಿಗೂ ಅರ್ಥ ಆಗುದಿಲ್ಲವಂತೆ ಅಕ್ಕ. ಬೆಂಗಳೂರಿನವರ ಎದುರು ನಾವು ತುಳು ಮಾತಾಡಿದ ಹಾಗೆ," ಎಂದಳು ಸುಮತಿ.

ಟಿ.ವಿ.ಯಲ್ಲಿ ಮೊದಲು ಕುರಿಗಳು, ಕಲ್ಲಿನ ಗೋಡೆ, ಗಾಳಿ. ಆಮೇಲೆ ಒಂದು ಮನೆ. ಕಪ್ಪು ಬಟ್ಟೆಯ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ನಡುವೆ, ಕಾಲು ಬಾಗಿಲ ಕಡೆ ಮಾಡಿ ಮಲಗಿಸಿದ ಒಬ್ಬ ಮುದುಕಿ, ಕೈಯಲ್ಲಿ ಜಪಮಾಲೆ.

"ಮಮ್ಮಾ!" ಮರಿಯಾ ಕಿರುಚಿದರು. ಕೈಯ ಲೋಟ ನೆಲಕ್ಕೆ ಬಿತ್ತು.

ಅದು ಅವರ ತಾಯಿ. ಕಳೆದ ಬಾರಿ ಫೋನು ಮಾಡಿದಾಗ, ಅಮ್ಮ ಮಲಗಿದ್ದಾರೆ ಎಂದಷ್ಟೇ ತಮ್ಮ ಹೇಳಿದ್ದನಂತೆ. ಹೆತ್ತವಳ ಸಾವನ್ನೇ ಚಿತ್ರ ತೆಗೆದು ಅಕ್ಕನಿಗೆ ಕಳಿಸುವವರಿದ್ದಾರೆಯೇ?

ಮರಿಯಾ ಊರಿಗೆ ಫೋನು ತಿರುಗಿಸಿದರು. ಲೈನು ಸಿಗಲಿಲ್ಲ. ಮತ್ತೆ ತಿರುಗಿಸಿದರು. ನಾನು ಸೀದಾ ಬಚ್ಚಲಿಗೆ ಹೋದೆ. ಹೆಣ ನೋಡಿ ಮೀಯದೆ ಕೂತು ಅಭ್ಯಾಸವಿಲ್ಲ, ನೋಡಿದ್ದು ಟಿ.ವಿ.ಯಲ್ಲಿ ಎಂಬುದು ಆಗ ತಲೆಗೇ ಬರಲಿಲ್ಲ. ಆ ಸುಡುನೀರನ್ನೇ ತಲೆಗೆ ಹೊಯ್ದುಕೊಂಡೆ.

ಹೊರಗೆ ಬಂದು ದೀಪ ಹಚ್ಚುವಾಗ ಲೈನು ಸಿಕ್ಕಿತು. ಮರಿಯಾ ಕೂಗಿದರು, ಅತ್ತರು. ಆಮೇಲೆ ಅಳುತ್ತಲೇ ನಗತೊಡಗಿದರು. ಫೋನು ಎತ್ತಿದ್ದು ತಾಯಿಯೇ! ಮರಿಯಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸುಮತಿ ನನಗೆ ಹೇಳಿದಳು:

"ಹೆಣವಾಗಿ ಮಲಗಲಿಕ್ಕೆ ಊರಲ್ಲಿ ಯಾರೂ ಒಪ್ಪಲಿಲ್ಲವಂತೆ ಅಕ್ಕ, ಅಪಶಕುನ ಅಂತ. ಮಗನ ಸಿನಿಮಾ ನಿಲ್ಲಬಾರದಲ್ಲ, ಅಜ್ಜಿಯೇ ಮಲಗಿದರಂತೆ. ಚಳಿಗೆ ಕಂಬಳಿಯಡಿ ಬಿಸಿ ಇಟ್ಟಿಗೆ ಇಟ್ಟದ್ದಕ್ಕೆ ಒಳ್ಳೇ ನಿದ್ದೆ ಬಂತಂತೆ! ಅಮ್ಮನನ್ನು ಸಿನಿಮಾದಲ್ಲಿ ಕಂಡು ಮಗಳಿಗೆ ಖುಷಿಯಾಗಲಿ ಅಂತ ಯಾರೂ ಬಾಯಿ ಬಿಡಲಿಲ್ಲವಂತೆ."

"ಖುಷಿಯಂತೆ! ಆ ತಮ್ಮನ ಕಿವಿ ಹಿಂಡಬೇಕು ಮಾರಾಯ್ತಿ," ಎಂದೆ.

ಆಗ ಮರಿಯಾ ನನ್ನ ಒದ್ದೆ ತಲೆ, ಕೆಂಪಾದ ಮುಖ ನೋಡಿದರು. ಸುಮತಿ ಕಾರಣ ಹೇಳಿದಳು. ಅವರು ಅದನ್ನು ಫೋನಿನಲ್ಲಿ ತಾಯಿಗೆ ಹೇಳಿದರು. ಆ ಕಡೆಯ ನಗು ನನಗೂ ಕೇಳಿಸಿತು.

"ಅಜ್ಜಿ ನಿಜವಾಗಿ ಹೋದಾಗಲೂ ನೀನು ಹೀಗೇ ಮೀಯಬೇಕಂತೆ ಅಕ್ಕ," ಎಂದಳು ಸುಮತಿ.

ಹೊರಡುವ ದಿನ ಮರಿಯಾ ವಿಮಾನ ನಿಲ್ದಾಣಕ್ಕೂ ಬಂದು ಅಪ್ಪಿಕೊಂಡರು. ಊರಿಗೆ ಬಂದ ಮೇಲೆ ಸಂಜೆಯ ದೀಪದ ಮುಂದೆ ನನ್ನ ಬೇಡಿಕೆಯೊಂದು ಹೆಚ್ಚಾಗಿದೆ: ಕೃಷ್ಣಾ, ಆ ಎರಡನೇ ಸ್ನಾನಕ್ಕೆ ಅವಸರ ಮಾಡಬೇಡ.