ಹೊಳಬಸಪ್ಪ ಮಾಸ್ತರ ಹಿಡಿದ ಎಲೆ

ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಹೊಳಬಸಪ್ಪನ ಮಾತು ಬಂದರಂತೂ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಮನೆಯವರ ಮೇಲೆ ಹರಿಹಾಯುತ್ತೇನೆ. "ಆ ಮಾಸ್ತರನ ನೆನಪಾತೇನು ಮತ್ತ?" ಎಂದು ನನ್ನ ಹೆಂಡತಿ ಜರೀನಾಬಿ ಚಹಾ ಇಟ್ಟು ಸುಮ್ಮನೆ ಒಳಗೆ ಹೋಗುತ್ತಾಳೆ. ಆಕೆಗೆ ರೂಢಿಯಾಗಿದೆ.

ಶಲವಡಿಯಿಂದ ಮೂರು ಮೈಲಿ ದೂರದ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಚಿತ್ರಕಲೆಯ ಮಾಸ್ತರನಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ನನ್ನ ಶಿಷ್ಯರು ಈಗಲೂ ಇದ್ದಾರೆ. ಸಾಲೆ ನಡೆಸುತ್ತಿದ್ದದ್ದು ಊರವರದೇ ಒಂದು ಕಮಿಟಿ, ಅದರ ಅಧ್ಯಕ್ಷರು ಮಡಿವಾಳೆಪ್ಪಗೌಡರು. ೧೯೮೩ರ ಜೂನಿನಲ್ಲಿ ಇತಿಹಾಸ ಕಲಿಸಲು ಹೊಳಬಸಪ್ಪ ಬಂದ. ಬಂದ ಎನ್ನುವುದೂ ತಪ್ಪು, ಅವನು ಅದೇ ಊರಿನ ಕೇರಿಯ ಹುಡುಗ. ಆ ಕೇರಿಯಲ್ಲಿ ಬಿ.ಎ., ಬಿ.ಎಡ್. ಮುಗಿಸಿದ ಮೊದಲನೆಯವನು.

ಸಣಕಲು ಆಳು. ಹಿತ್ತಾಳೆ ಚೊಂಬಿನಲ್ಲಿ ಕೆಂಡ ಹಾಕಿ ತಾನೇ ಅಂಗಿಗೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದ. ಮಾಸ್ತರರ ಕೋಣೆಯಲ್ಲಿ ನೀರಿನ ಕೊಡ ಇತ್ತು, ಅದನ್ನು ಮುಟ್ಟುತ್ತಿರಲಿಲ್ಲ, ಮನೆಯಿಂದಲೇ ಬಾಟಲಿ ತರುತ್ತಿದ್ದ. ಮುಟ್ಟಬೇಡ ಎಂದು ಯಾರೂ ಅಂದಿರಲಿಲ್ಲ. ಕುಡಿ ಎಂದೂ ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ, ಮಹಾ ಶೂರ ನಾನು!

ಅವನ ಅಣ್ಣ ಯಲ್ಲಪ್ಪ ಗೌಡರ ಮನೆಯಲ್ಲಿ ವರ್ಷದ ಆಳು. ಹನ್ನೊಂದನೆಯ ವಯಸ್ಸಿಗೆ ಆ ದನದ ಕೊಟ್ಟಿಗೆ ಸೇರಿದವನು. ಅವರಪ್ಪನಿಗೆ ಗೌಡರು ಆಗ ಹೇಳಿದ್ದರಂತೆ, "ಒಬ್ಬನ್ನ ನನಗ ಬಿಡು, ಒಬ್ಬನ್ನ ಸಾಲಿಗೆ ಬಿಡು. ನಾ ಬ್ಯಾಡ ಅನ್ನೂದಿಲ್ಲ." ಸಾಲ ಅಲ್ಲ, ಮುಂಗಡ ಅಲ್ಲ, ಒಂದು ಕಾಗದವೂ ಇಲ್ಲ. ವರ್ಷಕ್ಕಿಷ್ಟು ಜೋಳ, ಎರಡು ಹೊತ್ತು ಊಟ, ಒಂದು ಜೊತೆ ಬಟ್ಟೆ. ಮಲಗುವುದು ಎತ್ತುಗಳ ಬಾಜು. ಹೆಂಡತಿಯನ್ನು ಇಟ್ಟುಕೊಳ್ಳಲು ಕೊಟ್ಟಿಗೆಯಲ್ಲಿ ಜಾಗ ಎಲ್ಲಿಂದ ಬರಬೇಕು? ಅವಳು, ಬಸವಣ್ಣೆವ್ವ, ಕಲಘಟಗಿ ಸೀಮೆಯ ದುಮ್ಮವಾಡದ ತವರಿನಲ್ಲೇ ಉಳಿದಿದ್ದಳು. ಪಂಚಮಿಗೆ ನಾಲ್ಕು ದಿನ, ದೀಪಾವಳಿಗೆ ನಾಲ್ಕು ದಿನ ಹೋಗಿ ಬರಲು ಯಲ್ಲಪ್ಪನಿಗೆ ಅಪ್ಪಣೆ.

ಆಳು ನಿಲ್ಲಿಸುವ ಪದ್ಧತಿ ಹೀಗಿತ್ತು. ಯುಗಾದಿ ಪಾಡ್ಯದ ದಿನ ಗೌಡರ ಕಟ್ಟೆಯ ಮುಂದೆ ಊರ ನಾಲ್ಕು ಹಿರಿಯರು ಕೂಡುತ್ತಾರೆ. ಗೌಡರು ಎಲೆ ಅಡಿಕೆ ಕೊಡುತ್ತಾರೆ, ಆಳಿಗಲ್ಲ, ಆಳಿನ ಜಾಮೀನಿಗೆ. ಎಲೆ ಹಿಡಿದವನ ಮಾತೆಂದರೆ, ಮುಂದಿನ ಯುಗಾದಿಯ ತನಕ ಆಳು ಹೊಸಿಲು ಬಿಟ್ಟು ಹೋದರೆ ಅವನನ್ನು ಹಿಡಿದು ತಂದು ಒಪ್ಪಿಸಬೇಕು, ಇಲ್ಲವೆ ತಾನೇ ಆ ಕೊಟ್ಟಿಗೆಯಲ್ಲಿ ದುಡಿಯಬೇಕು. ಹದಿನೆಂಟು ವರ್ಷ ಆ ಎಲೆ ಹಿಡಿದದ್ದು ಅವರಪ್ಪ. ಗೌಡರು ಮೇಲಿನಿಂದ ಚೆಲ್ಲುತ್ತಿದ್ದರು, ಆ ಮುದುಕ ಹೆಗಲಿನ ವಸ್ತ್ರ ಒಡ್ಡಿ ಹಿಡಿಯುತ್ತಿದ್ದ.

ಆ ಮುದುಕ ೮೪ರ ಜನವರಿಯ ಚಳಿಯಲ್ಲಿ ತೀರಿಕೊಂಡ. ಯುಗಾದಿ ಬಂತು. ಹೊಳಬಸಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಹಬ್ಬದ ನಮಸ್ಕಾರ ಹೇಳಿ ಬರೋಣವೆಂದು ಅಧ್ಯಕ್ಷರ ಮನೆಗೆ ಹೋದ. ಗೌಡರು ಕಟ್ಟೆಯಿಂದ ಇಳಿದು ಬಂದರು. "ಬರ್ರಿ ಮಾಸ್ತರ" ಎಂದರು. ನಾಲ್ಕು ಮಂದಿಯ ಎದುರಿಗೆ ಎಲೆ ಅಡಿಕೆಯನ್ನು ಅವನ ಅಂಗೈಯಲ್ಲಿಟ್ಟು, ಮೇಲೆ ತಮ್ಮ ಕೈ ಮುಚ್ಚಿದರು.

ಆಮೇಲೆ ಒಮ್ಮೆ ನನ್ನ ಹತ್ತಿರ ಕಣ್ಣು ತುಂಬಿಕೊಂಡು ಹೇಳಿದ. "ಬಾಬಾಸಾಬ್ರ, ಅವ್ರು ನನ್ನ ಕೈ ಮುಟ್ಟಿದ್ರರಿ. ನಮ್ಮಪ್ಪಗ ಮ್ಯಾಲಿಂದ ಒಗೀತಿದ್ರು. ನನಗ ಕೈಯಾಗ ಇಟ್ರು. ಆ ಖುಷಿಯೊಳಗ ಆ ಎಲಿ ಯಾತರದು ಅನ್ನೂದ ಮರತ ಬಿಟ್ಟೆ." ಇತಿಹಾಸ ಓದಿದವನು! ಗೌಡರಾದರೋ ಬೆಲ್ಲದಂಥ ಮಾತಿನ ಮನುಷ್ಯ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ.

೮೫ರ ಫೆಬ್ರುವರಿ. ಹತ್ತಿ ಬಿಡಿಸುವ ಹಂಗಾಮು, ವರ್ಗದಲ್ಲಿ ಅರ್ಧ ಮಕ್ಕಳಿಲ್ಲ. ಹತ್ತನೆಯ ವರ್ಗಕ್ಕೆ ಹೊಳಬಸಪ್ಪ ಅಮೆರಿಕದ ಪಾಠ ತೆಗೆದ. ನನ್ನಿಂದ ದೊಡ್ಡ ನಕಾಶೆ ಬರೆಸಿದ್ದ. ಉತ್ತರಕ್ಕೆ ಕೆಂಪು ಹಚ್ಚಿದೆ, ದಕ್ಷಿಣಕ್ಕೆ ಕಪ್ಪು ಹಚ್ಚಿದೆ. "ಪಶ್ಚಿಮಕ್ಕ ಯಾ ಬಣ್ಣೋ?" ಎಂದು ಕೇಳಿದೆ. "ಏನೂ ಹಚ್ಚಬ್ಯಾಡ್ರಿ. ಜಗಳ ಆಗಿದ್ದ ಆ ಖಾಲಿ ಜಾಗಾದ ಸಂಬಂಧ" ಎಂದ.

ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ದಕ್ಷಿಣದವರ ಹೊಲದಲ್ಲಿ ಹತ್ತಿ. ಬಿಡಿಸುವವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು, ಅವರ ಮಕ್ಕಳು, ಮೊಮ್ಮಕ್ಕಳು. ಬಿಳಿಯರು ಮೂಲದ ಜನರನ್ನು ಓಡಿಸುತ್ತ ಪಶ್ಚಿಮಕ್ಕೆ ಹೊಸ ನೆಲ ಹಿಡಿಯುತ್ತ ಹೋದರು. ಆ ನೆಲದಲ್ಲಿ ಗುಲಾಮರನ್ನು ಇಡಬೇಕೋ ಬಾರದೋ ಎಂದು ಉತ್ತರದವರೂ ದಕ್ಷಿಣದವರೂ ನಲವತ್ತು ವರ್ಷ ಕಚ್ಚಾಡಿದರು. ೧೮೫೦ರಲ್ಲಿ ಒಂದು ಕಾನೂನು ಬಂತು. ಗುಲಾಮ ತಪ್ಪಿಸಿಕೊಂಡು ಉತ್ತರ ಸೇರಿದರೂ ಬಿಡುಗಡೆ ಇಲ್ಲ, ಹಿಡಿದು ಒಡೆಯನಿಗೆ ಒಪ್ಪಿಸಬೇಕು. ಹಿಡಿಯಲು ಬಂದವರಿಗೆ ಅಲ್ಲಿನ ಜನ ನೆರವಾಗಬೇಕು. ಬಚ್ಚಿಟ್ಟವನಿಗೆ ದಂಡ, ಸೆರೆಮನೆ.

ಗೌಡರ ಮಗಳು ಮಹಾದೇವಕ್ಕ ಅದೇ ವರ್ಗದಲ್ಲಿದ್ದಳು, ಜಾಣ ಹುಡುಗಿ. ಎದ್ದು ನಿಂತು ಕೇಳಿದಳು, "ಹಿಡಕೊಡಾಕ ಹೋದಾವ್ರಿಗೆ ನಾಚಿಕಿ ಬರತಿದ್ದಿಲ್ಲೇನ್ರಿ ಸರ್?"

"ಬರತಿದ್ದೀತವಾ. ಅಂಜಿಕಿ ಅದಕಿಂತ ದೊಡ್ಡದಿರತೈತಿ" ಎಂದ ಹೊಳಬಸಪ್ಪ.

ಆ ಪಾಠ ಮುಗಿದು ವಾರವಾಗಿರಲಿಲ್ಲ, ಯಲ್ಲಪ್ಪ ಕೊಟ್ಟಿಗೆ ಬಿಟ್ಟು ಹೋದ. ಅಣ್ಣಿಗೇರಿ ಸಂತೆಗೆಂದು ಚಕ್ಕಡಿ ಹೊಡೆದುಕೊಂಡು ಹೋದವನು, ಎತ್ತುಗಳನ್ನು ನೆರಳಿಗೆ ಕಟ್ಟಿ, ಮೇವು ಹಾಕಿ, ಜೊತೆಯವರಿಗೆ "ನೋಡಕೋರಿ" ಎಂದು ಹೇಳಿ ಹುಬ್ಬಳ್ಳಿ ಬಸ್ಸು ಹತ್ತಿದ್ದ. ಓಡಿಹೋಗುವಾಗಲೂ ಎತ್ತುಗಳಿಗೆ ಮೇವು ಹಾಕಿದ ಪುಣ್ಯಾತ್ಮ!

ಮರುದಿನ ಗೌಡರು ಸಾಲೆಗೇ ಬಂದರು. ನಾನು ಅಲ್ಲೇ ಇದ್ದೆ. ಸಿಟ್ಟಿಲ್ಲ, ಸೆಡವಿಲ್ಲ. "ಮಾಸ್ತರ, ನಿಮ್ಮಣ್ಣ ದುಮ್ಮವಾಡಕ್ಕ ಹೋಗ್ಯಾನಂತ. ಕರಕೊಂಡ ಬರ್ರಿ. ನಾ ಒತ್ತಾಯ ಮಾಡೂದಿಲ್ಲ. ಎಲಿ ಹಿಡದಾವ್ರು ನೀವು, ನಿಮಗ ಗೊತ್ತೈತಿ" ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮದು ಕಾಯಂ ಮಾಡೂ ಕಾಗದ ಈ ಮಾರ್ಚಿನಾಗ ಐತಲ್ಲ? ನೋಡೂಣು" ಎಂದರು.

ಅವನ ತಾಯಿ ಫಕೀರವ್ವನ ಗುಡಿಸಲು ಇದ್ದದ್ದೂ ಗೌಡರ ಹಿತ್ತಲ ಜಾಗದಲ್ಲೇ. ಅದನ್ನು ಅವರು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

ನಾನು ಕೂಗಾಡಿದೆ. "ಜೀತ ತಗದ ಒಂಬತ್ತ ವರ್ಷ ಆತಲೇ! ನಡಿ ನವಲಗುಂದಕ್ಕ, ತಹಶೀಲ್ದಾರಗ ಅರ್ಜಿ ಕೊಡೂಣು" ಎಂದೆ.

"ಏನಂತ ಬರೀಲ್ರಿ? ಕೇಳಾಕ ಬಂದ್ರ ಗೌಡ್ರು, ನಾ ಏನೂ ಸಾಲಾ ಕೊಟ್ಟಿಲ್ಲ, ಅಂವಾ ಖುಷಿಲೆ ಇದ್ದಾನು ಅಂತಾರ. ಸಾಕ್ಷಿ ಹೇಳಾಕ ಕೇರ್ಯಾಗಿಂದ ಯಾರ ಬರ್ತಾರು? ಬಾಬಾಸಾಬ್ರ, ನೀವರೆ ಬರ್ತೀರೇನು?"

ನವಲಗುಂದದ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ನನ್ನ ನೌಕರಿಯ ಕಾಗದಕ್ಕೂ ಅದೇ ಗೌಡರ ರುಜು.

ರವಿವಾರ ಇಬ್ಬರೂ ದುಮ್ಮವಾಡಕ್ಕೆ ಹೋದೆವು. ಹುಬ್ಬಳ್ಳಿ ದಾಟಿ ಪಡುವಣಕ್ಕೆ ಬಸ್ಸು ಹೊರಳಿದ ಮೇಲೆ ಎರೆಭೂಮಿ ಮುಗಿದು ಕೆಂಪು ಮಣ್ಣು, ಗಿಡಗಂಟಿ ಸುರುವಾಯಿತು.

ಊರ ಹೊರಗೆ, ಅಡವಿಯ ಅಂಚಿಗೆ, ಹೆಂಡತಿಯ ಅಣ್ಣ ಕಡಿದು ಹಸನು ಮಾಡಿಕೊಂಡ ತುಂಡು ನೆಲದಲ್ಲಿ ಯಲ್ಲಪ್ಪ ಕೆಸರು ತುಳಿಯುತ್ತಿದ್ದ. ಮೊಣಕಾಲುದ್ದ ಗೋಡೆ ಎದ್ದಿತ್ತು. ತಮ್ಮನನ್ನು ಕಂಡ ಕೂಡಲೇ ಅವನ ಮುಖದಲ್ಲಿ ಏನೋ ಸರಿದುಹೋಯಿತು. ಒಂದೇ ಗಳಿಗೆ. ಆಮೇಲೆ ನಕ್ಕುಬಿಟ್ಟ. "ಬಾ ತಮ್ಮಾ, ಬರ್ರಿ ಸರ್. ಬಸವಣ್ಣೆವ್ವಾ, ಚಾ ಇಡು, ಯಾರ ಬಂದಾರ ನೋಡು!"

ಕೈ ಹಿಡಿದು ಮನೆ ತೋರಿಸಿದ, ಇಲ್ಲದ ಮನೆ. "ಇಲ್ಲಿ ಬಾಗಲಾ. ಇಲ್ಲಿ ಒಲಿ. ಅವ್ವನ್ನೂ ಕರಸ್ತೀನಿ, ಆಕೀಗೆ ಈ ಮೂಲಿ." ಬಾಗಿಲಿಗೆಂದು ಹಳೆಯ ಚೌಕಟ್ಟು ಒಂದನ್ನು ಎಲ್ಲಿಂದಲೋ ತಂದು ಒರಗಿಸಿದ್ದ. "ಮೊನ್ನೆ ಹೊತ್ತ ಏರೂತನಾ ಮಲಗಿಬಿಟ್ಟಿದ್ದೆ ನೋಡು. ಎದ್ದಾಂವ ಗಾಬರ್ಯಾಗಿ ಓಡಾಕ ಹತ್ತೀನಿ, ಎಲ್ಲಿಗೆ ಅಂತ ಗೊತ್ತಿಲ್ಲ! ಈಕಿ ನಕ್ಕಿದ್ದ ನಕ್ಕಿದ್ದು." ಬಸವಣ್ಣೆವ್ವ ಸೆರಗು ಬಾಯಿಗೆ ಹಿಡಿದುಕೊಂಡು ಮತ್ತೆ ನಕ್ಕಳು. ಮದುವೆಯಾಗಿ ಆರು ವರ್ಷ, ಗಂಡ ಹೆಂಡತಿ ಒಂದು ಕಡೆ ಇಷ್ಟು ದಿನ ಇದ್ದದ್ದು ಅದೇ ಮೊದಲು.

ಹೊಳಬಸಪ್ಪ ಬಾಯಿ ತೆರೆಯುತ್ತಾನೆ, ಈಗ ಹೇಳುತ್ತಾನೆ ಎಂದು ನಾನು ಕಾದೆ. ಅವನು ಚಹಾ ಕುಡಿದ. ಪ್ಯಾಂಟು ಮಡಚಿ ಅಣ್ಣನ ಜೊತೆ ಕೆಸರು ತುಳಿದ. ಸಂಜೆ ಬಸ್ಸಿಗೆ ಬಂದಾಗ ಯಲ್ಲಪ್ಪನೇ ಕೇಳಿದ, "ಏನರೆ ಹೇಳೂದಿತ್ತೇನ ತಮ್ಮಾ?"

"ಏನಿಲ್ಲಣ್ಣಾ. ಸುಮ್ಮ ನೋಡಾಕ ಬಂದಿದ್ದೆ."

ಬಸ್ಸಿನಲ್ಲಿ ಹೊಳಬಸಪ್ಪ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತುಬಿಟ್ಟ. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರಲ್ಲ, ಅವನಿಗೆ ಎರಡರ ನಡುವೆ ನಿಲ್ಲುವಷ್ಟೂ ನೆಲ ಉಳಿದಿರಲಿಲ್ಲ.

ಸೋಮವಾರ ನಸುಕಿನಲ್ಲೇ ಗೌಡರ ಕೊಟ್ಟಿಗೆಗೆ ಹೋಗಿ ನಿಂತ. "ಅಣ್ಣ ಬರೂದಿಲ್ರಿ. ಯುಗಾದಿತನಾ ನಾ ಮಾಡ್ತೀನಿ" ಎಂದ. ಬೇಡ ಮಾಸ್ತರ ಎಂದು ಗೌಡರು ಒಂದು ಮಾತಿಗಾದರೂ ಅಂದಾರು ಎಂದು ಊರೆಲ್ಲ ತಿಳಿದಿತ್ತು. ಗೌಡರು ಹಲ್ಲುಜ್ಜುತ್ತ, "ನಿಮ್ಮ ಖುಷಿ" ಎಂದರು.

ಮುಂಜಾನೆ ಐದರಿಂದ ಹತ್ತರವರೆಗೆ ಸಗಣಿ ಬಳಿದು, ಮೇವು ಹಾಕಿ, ನೀರು ಸೇದುವುದು. ಆಮೇಲೆ ಜಳಕ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಸಾಲೆಗೆ ಬರುವುದು. ಸಂಜೆ ಮತ್ತೆ ಕೊಟ್ಟಿಗೆ, ಮಲಗುವುದೂ ಅಲ್ಲೇ. ಮೊದಲ ವಾರ ಮಕ್ಕಳು ಗುಸುಗುಸು ಮಾಡಿದರು, ಎರಡನೆಯ ವಾರ ಒಬ್ಬ ಮೂಗು ಮುಚ್ಚಿಕೊಂಡ. ಅವನ ಕೆನ್ನೆಗೆ ನಾನೇ ಬಾರಿಸಿದೆ. ಹೊಡೆಯಬೇಕಾದವರನ್ನು ಬಿಟ್ಟು ಹುಡುಗನನ್ನು ಹೊಡೆದೆ. ತಮ್ಮ ಮನೆಯ ಅಂಗಳದಲ್ಲೇ ಮಾಸ್ತರರು ಬುಟ್ಟಿ ಹೊರುವುದನ್ನು ದಿನಾ ನೋಡುತ್ತಿದ್ದ ಮಹಾದೇವಕ್ಕ ವರ್ಗದಲ್ಲಿ ಪ್ರಶ್ನೆ ಕೇಳುವುದನ್ನೇ ಬಿಟ್ಟಳು.

ಫಕೀರವ್ವ ನನ್ನ ಮನೆ ಬಾಗಿಲಿಗೆ ಬಂದು ಎದೆ ಬಡಿದುಕೊಂಡಳು. "ಒಬ್ಬನ್ನ ಸಗಣ್ಯಾಗ ಹಾಕಿ ಒಬ್ಬನ್ನ ಬೆಳಸಿದ್ನೆಲ್ಲೋ ಯಪ್ಪಾ, ಈಗ ಬೆಳದಾಂವ ಸಗಣ್ಯಾಗ ಬಿದ್ದ!" ಜರೀನಾಬಿ ಅವಳನ್ನು ಒಳಗೆ ಕರೆದು ಕೂರಿಸಿಕೊಂಡಳು. ನಾನು ಮಾತ್ರ ಮುಂಜಾನೆ ಗೌಡರ ಓಣಿ ಬಿಟ್ಟು ಹಿಂದಿನ ಓಣಿಯಿಂದ ಸಾಲೆಗೆ ಹೋಗತೊಡಗಿದೆ.

"ದಿನಾ ಎಣಸಾಕತ್ತಿಯೇನು?" ಎಂದು ಒಮ್ಮೆ ಹೊಳಬಸಪ್ಪನನ್ನು ಕೇಳಿದೆ.

"ಇನ್ನ ಹನ್ನೊಂದು ಉಳದಾವ್ರಿ. ಯುಗಾದಿ ದಿನಾ ಎಲಿ ಹಿಡ್ಯೂದಿಲ್ಲ ನಾನು. ಅಣ್ಣನ ಮನಿ ಗ್ವಾಡಿ ಅಷ್ಟೊತ್ತಿಗೆ ಮುಗೀತಾವು." ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು, ಸುಣ್ಣದಕಡ್ಡಿ ಹಿಡಿಯಲು ಆಗುತ್ತಿರಲಿಲ್ಲ. ಆದರೂ ಮುಖದಲ್ಲಿ ಗೆಲುವಿತ್ತು. ಆ ಗೆಲುವು ನೋಡಿ, ಥೂ ನನ್ನ ಬುದ್ಧಿಯೇ, ಇವನು ಪಾರಾದ ಎಂದೇ ನಂಬಿದೆ.

ಯುಗಾದಿಗೆ ನಾಲ್ಕು ದಿನವಿದ್ದಾಗ ನಾನು ಮನಸ್ಸು ಗಟ್ಟಿ ಮಾಡಿ ಗೌಡರ ಓಣಿಯಿಂದಲೇ ಹೊರಟೆ. ಕೊಟ್ಟಿಗೆಯ ಮುಂದೆ ಯಲ್ಲಪ್ಪ ನಿಂತಿದ್ದ. ದುಮ್ಮವಾಡಕ್ಕೆ ದನ ಮಾರಲು ಹೋಗಿದ್ದ ಯಾರೋ ಸುದ್ದಿ ಮುಟ್ಟಿಸಿದ್ದರು. ರಾತ್ರಿಯ ಬಸ್ಸಿಗೆ ಅಣ್ಣಿಗೇರಿಗೆ ಬಂದು, ಅಲ್ಲಿಂದ ನಡೆದುಕೊಂಡು ಬಂದಿದ್ದ. ಕಾಲೆಲ್ಲ ಧೂಳು. ತಮ್ಮನ ತಲೆಯ ಮೇಲಿನ ಸಗಣಿಯ ಬುಟ್ಟಿಗೆ ಎರಡೂ ಕೈ ಹಾಕಿದ. ಹೊಳಬಸಪ್ಪ ಬಿಡಲಿಲ್ಲ. ಅಣ್ಣ ತಮ್ಮ ಇಬ್ಬರೂ ಆ ಬುಟ್ಟಿ ಹಿಡಿದುಕೊಂಡು ಜಗ್ಗಾಡಿದರು.

"ಇನ್ನ ನಾಕ ದಿನಾ ಅಣ್ಣಾ! ನಾಕ ದಿನಾ! ಹಿಂದಕ್ಕ ಹೋಗು, ನಿನ್ನ ಕೈ ಮುಗೀತೀನಿ!"

"ಬಿಡು ತಮ್ಮಾ."

"ನಾ ನಿನ್ನ ಕರೀಲಿಲ್ಲಲ್ಲೋ! ಅಲ್ಲಿ ತನಕಾ ಬಂದು ಒಂದ ಮಾತರೆ ಕರದ್ನೇನು?"

"ಕರಿಯಾಕ ಬಂದಿದ್ದಿ ಅನ್ನೂದು ನಿನ್ನ ಮಾರಿ ನೋಡಿದಾಗ ಗೊತ್ತಾತು" ಎಂದ ಯಲ್ಲಪ್ಪ. ದನಿ ಏರಿಸಲಿಲ್ಲ. "ಕರದಿದ್ರ ಬರತಿದ್ದಿಲ್ಲ ನಾನು. ನಿನ್ನ ಬೈದ ಕಳಸ್ತಿದ್ದೆ, ಬಸವಣ್ಣೆವ್ವಗೂ ಹಂಗ ಹೇಳಿದ್ದೆ. ನೀ ಕರೀಲಿಲ್ಲ. ಕೆಸರ ತುಳದ ಕೊಟ್ಟ ಹೋದಿ. ಅದಕ್ಕ ಬರಬೇಕಾತು."

ಹೊಳಬಸಪ್ಪನ ಕೈ ಸಡಿಲಾಯಿತು. ಬುಟ್ಟಿ ಯಲ್ಲಪ್ಪನ ತಲೆಗೆ ಹೋಯಿತು.

ಗೌಡರು ಕಟ್ಟೆಯ ಮೇಲೆ ಬಂದು ನಿಂತರು. ಇಬ್ಬರನ್ನೂ ನೋಡಿದರು. ಬೈಯಲಿಲ್ಲ. "ಬಂದ್ಯಾ? ಎತ್ತ ನೀರ ಕುಡದಿಲ್ಲ ಇನ್ನ" ಎಂದು ಒಳಗೆ ಹೋದರು.

ಅಂದು ಹೊಳಬಸಪ್ಪ ಸಾಲೆಗೆ ಬಂದ. ಹತ್ತನೆಯ ವರ್ಗದಲ್ಲಿ ಹಾಜರಿ ಪುಸ್ತಕ ತೆರೆದು ಆರೇಳು ಹೆಸರು ಕೂಗಿದ. ಮುಂದಿನ ಹೆಸರಿಗೆ ಬೆರಳಿಟ್ಟವನು ಅಲ್ಲೇ ನಿಂತುಬಿಟ್ಟ. ಮಕ್ಕಳು ಕಾಯುತ್ತಿದ್ದರು. ಬಾಗಿಲಲ್ಲಿದ್ದ ನಾನು ಒಳಗೆ ಹೋಗಿ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು, ಉಳಿದ ಹೆಸರುಗಳನ್ನು ಕೂಗಿ ಮುಗಿಸಿದೆ.