ಇತ್ತೊ ಖಾಲಾರ ಚಿಂದಿ ಹಾಸು

ಮಗಳು ಸಾರಾಳ ಹಳೆಯ ಸ್ಕೂಲ್ ಸ್ವೆಟರ್ ಇವತ್ತು ಬೆಳಿಗ್ಗೆ ಕಪಾಟಿನಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು. ಮೊಣಕೈಯಲ್ಲಿ ತೂತು, ಎದೆಯ ಮೇಲೆ ಪೇಂಟಿನ ಕಲೆ. ಬಿಸಾಡುವುದು ಬಿಟ್ಟು ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇತ್ತೊ ಖಾಲಾ ನೆನಪಾಗಿದ್ದರು.

ನಾವಿರುವ ಐರ್ಲೆಂಡಿನ ಟಾಲಾದಲ್ಲಿ ಅವರದು ನಮ್ಮ ಪಕ್ಕದ ಮನೆ, ನಡುವೆ ಒಂದೇ ಗೋಡೆ. ಮೊರಾಕ್ಕೊದ ಬೆಟ್ಟದ ಸೀಮೆಯ ಅಮಾಜಿಗ್ ಜನಾಂಗದ ಹೆಂಗಸು, ಅರವತ್ತು ದಾಟಿದವರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಮಗಳು ಫಾತಿಮಾ ಅವರನ್ನು ಕರೆಸಿಕೊಂಡಿದ್ದಳು. ‘ಇತ್ತೊ’ ಎಂಬ ಹೆಸರು ಕನ್ನಡದ ಕಿವಿಗೆ ಯಾರೋ ಏನನ್ನೋ ಕೊಟ್ಟುಹೋದ ಹಾಗೆ ಕೇಳುತ್ತದೆ, ಅಲ್ಲವೇ? ವಿಜಯಪುರದಲ್ಲಿ ಅಮ್ಮನ ತಂಗಿಯರನ್ನು ಕರೆಯುವಂತೆ ನಾನು ‘ಖಾಲಾ’ ಅಂದೆ. ಅವರಿಗೆ ತಿಳಿಯಿತು. ಅದು ಬಿಟ್ಟರೆ ನಮ್ಮ ನಡುವೆ ಇದ್ದದ್ದು ಸಲಾಂ ಮತ್ತು ಒಂದು ನಗು.

ಒಂದು ಸಂಜೆ ತಾಯಿ ಮಗಳು ಬಾಗಿಲಿಗೆ ಬಂದರು. “ಅಮ್ಮಂಗೆ ಹಳೆ ಬಟ್ಟೆ ಬೇಕಂತೆ. ಹರಿದಿದ್ರೂ ಪರವಾಗಿಲ್ಲ,” ಎಂದಳು ಫಾತಿಮಾ. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ. ತಮ್ಮ ಮನೆಯೊಳಗೆ ಕರೆದೊಯ್ದು ತೋರಿಸಿದರು: ಚಿಕ್ಕ ಕೋಣೆಯ ಗೋಡೆಗೆ ಒರಗಿಸಿದ ಮರದ ಮಗ್ಗ, ಮೇಲಿಂದ ಕೆಳಕ್ಕೆ ಬಿಗಿದ ದಾರ, ಅದಕ್ಕೆ ಗಂಟು ಹಾಕಿದ ಬಟ್ಟೆಯ ಚೂರುಗಳು. ಅವರ ಊರಲ್ಲಿ ಉಣ್ಣೆ ಸಾಲದಾದಾಗ ಹೆಂಗಸರು ಹೀಗೆ ಚಿಂದಿಯಲ್ಲೇ ನೆಲಹಾಸು ನೇಯುತ್ತಾರಂತೆ. ನನಗೆ ಅಜ್ಜಿಯ ಕೌದಿ ನೆನಪಾಯಿತು. ಹಾಸ್ಟೆಲಿಗೆ ಹೋಗುವಾಗ ನಾಚಿಕೆಯಾಗಿ ಅದನ್ನು ಮಂಚದ ಕೆಳಗೆ ತಳ್ಳಿ ಹೋಗಿದ್ದೆ.

ಕೊಡುವುದರಲ್ಲಿ ನನ್ನದು ಧಾರಾಳ ಕೈ, ಹರಿದದ್ದನ್ನು ಕೊಡುವುದರಲ್ಲಂತೂ ಕೇಳಲೇಬೇಡಿ. ವಾರಕ್ಕೊಂದು ಚೀಲ ಅವರ ಬಾಗಿಲಲ್ಲಿಟ್ಟು ಆಫೀಸಿಗೆ ಓಡುತ್ತಿದ್ದೆ.

“ಆ ಶರ್ಟ್ ನಾನಿನ್ನೂ ಹಾಕ್ತೀನಿ ಕಣೇ,” ಎಂದರು ನಮ್ಮ ಮನೆಯವರು.

“ಇವತ್ತೊಂದಿನ ಹಾಕ್ಕೊಳ್ಳಿ, ನಾಳೆ ಕೊಡ್ತೀನಿ.”

ಮೊದಲ ಹಾಸು ಮುಗಿದಾಗ ಅದರೊಳಗೆ ನಮ್ಮ ಮನೆಯೇ ಇತ್ತು: ನನ್ನ ಕೆಂಪು ನೈಟಿ, ಆ ನೀಲಿ ಶರ್ಟು, ಸಾರಾಳ ಹಳದಿ ಪೈಜಾಮ. ಅದರ ಫೋಟೋ ನೋಡಿದ ಸಹೋದ್ಯೋಗಿಯೊಬ್ಬಳು ತನಗೂ ಒಂದು ಬೇಕೆಂದಳು, ಆದರೆ ಸೋಫಾಕ್ಕೆ ಹೊಂದುವಂತೆ ಕೆನೆಬಣ್ಣ ಮತ್ತು ಬೂದು ಮಾತ್ರ. ಪ್ರಾಜೆಕ್ಟ್ ನಡೆಸಿ ನಡೆಸಿ ಕೆಟ್ಟ ತಲೆ ನನ್ನದು. ಬಣ್ಣದ ಪಟ್ಟಿ ಪ್ರಿಂಟ್ ಮಾಡಿ, ಶಾಪಿಂಗ್ ಸೆಂಟರಿನಿಂದ ಹೊಸ ಬೆಡ್‌ಶೀಟುಗಳನ್ನು ತಂದು ಖಾಲಾರ ಮುಂದಿಟ್ಟೆ. ಅವರು ಬಟ್ಟೆ ಸವರಿ ತಲೆಯಾಡಿಸಿದರು. ಒಪ್ಪಿದರು ಅಂದುಕೊಂಡೆ. ಆಮೇಲೆ ದಿನ ಬಿಟ್ಟು ದಿನ “ಎಲ್ಲಿಗೆ ಬಂತು?” ಎಂದು ಫಾತಿಮಾಗೆ ಮೆಸೇಜ್ ಹಾಕತೊಡಗಿದೆ.

ಎರಡು ವಾರದ ಮೇಲೆ ಗಮನಿಸಿದೆ, ಗೋಡೆಯಾಚೆಯಿಂದ ಮಗ್ಗ ಬಡಿಯುವ ಸದ್ದೇ ಇಲ್ಲ. ಹೋಗಿ ನೋಡಿದರೆ ಖಾಲಾ ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಮಗ್ಗದಲ್ಲಿ ಗೇಣುದ್ದದ ಬೂದು ನೇಯ್ಗೆ, ಅಷ್ಟೇ. ನನ್ನನ್ನು ಕಂಡು ಹೊಸ ಬಟ್ಟೆಯ ತುಂಡೊಂದನ್ನು ಎತ್ತಿ ಏನೋ ಕೇಳಿದರು.

“ಇದು ಯಾರದು ಅಂತ ಕೇಳ್ತಿದಾರೆ,” ಎಂದಳು ಫಾತಿಮಾ.

“ಯಾರದೂ ಅಲ್ಲ, ಹೊಸದು.”

ಖಾಲಾ ಮೆಲ್ಲಗೆ ತುಂಬ ಹೊತ್ತು ಮಾತಾಡಿದರು. ಫಾತಿಮಾ ತಡೆದು ತಡೆದು ಹೇಳಿದಳು: “ನಾನು ಕೆಲಸಕ್ಕೆ ಹೋದ್ಮೇಲೆ ಅಮ್ಮಂಗೆ ಮಾತಾಡೋಕೆ ಯಾರೂ ಇಲ್ಲ. ನೇಯ್ತಾ ನೇಯ್ತಾ ಬಟ್ಟೆ ಜೊತೆ ಮಾತಾಡ್ತಾರೆ. ನಿಮ್ಮ ಮಗಳ ಪೈಜಾಮ ಸಿಕ್ಕಿದ್ರೆ ಅವಳನ್ನ ‘ಊಟ ಆಯ್ತಾ’ ಅಂತ ಕೇಳ್ತಾರೆ. ಈ ಬಟ್ಟೆನ ಯಾರೂ ಉಟ್ಟಿಲ್ಲ. ಏನಂತ ಕೇಳೋದು ಅಂತಾರೆ.”

ನನಗೆ ಮುಖ ಎತ್ತಲಾಗಲಿಲ್ಲ. ಒಂದು ವರ್ಷ ಚೀಲಗಳನ್ನು ಕೊಟ್ಟಿದ್ದೆ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಅಲ್ಲಿ ಕೂತಿರಲಿಲ್ಲ.

ಮರುದಿನ ಸಹೋದ್ಯೋಗಿಗೆ ಆಗುವುದಿಲ್ಲವೆಂದೆ. “ಗ್ರ್ಯಾಂಡ್, ನೋ ಬಾದರ್,” ಪರವಾಗಿಲ್ಲ ಬಿಡು ಎಂದು ಇಲ್ಲಿನವರ ಧಾಟಿಯಲ್ಲಿ ಹೇಳಿ ಅವಳು ಆನ್‌ಲೈನಿನಲ್ಲಿ ಬೇರೆ ತರಿಸಿಕೊಂಡಳು. ನಾನು ಖಾಲಾರ ಬಳಿ ಕ್ಷಮೆ ಕೇಳಿದೆ. ಅವರು ಬೂದು ನೇಯ್ಗೆಯನ್ನು ಬಿಚ್ಚಿ, ಪುದೀನ ಚಹಾ ಕೊಟ್ಟು, ಕತ್ತರಿಯನ್ನು ನನ್ನ ಕೈಗಿತ್ತರು. ಅಲ್ಲಿಂದ ಪ್ರತಿ ಶನಿವಾರ ನಾನೂ ಸಾರಾಳೂ ಚಿಂದಿ ಕತ್ತರಿಸಲು ಕೂರತೊಡಗಿದೆವು. ಸಾರಾ ಐರಿಷ್ ಇಂಗ್ಲಿಷಿನಲ್ಲಿ ಸ್ಕೂಲಿನ ಕಥೆ ಹೇಳುತ್ತಿದ್ದಳು, ಖಾಲಾ ತಮ್ಮ ಭಾಷೆಯಲ್ಲಿ ಹೂಂಗುಡುತ್ತಿದ್ದರು. ನಾನು ಕನ್ನಡದಲ್ಲಿ ಅತ್ತೆಯ ಮೇಲೆ ದೂರು ಹೇಳಿದರೂ ಸರಿಯಾದ ಜಾಗಕ್ಕೆ ‘ತ್ಚು’ ಅನ್ನುತ್ತಿದ್ದರು.

ಹೋದ ತಿಂಗಳು ಫಾತಿಮಾಗೆ ಇಲ್ಲಿಂದ ಗಂಟೆ ದೂರದ ಡ್ರೋಹೆಡಾದಲ್ಲಿ ಕೆಲಸವಾಗಿ ಇಬ್ಬರೂ ಮನೆ ಬದಲಿಸಿದರು.

ಇವತ್ತು ಆ ಸ್ವೆಟರ್ ಹಿಡಿದು ಮೆಟ್ಟಿಲ ಮೇಲೆ ಕೂತೇ ಫಾತಿಮಾಗೆ ಫೋನ್ ಮಾಡಿದೆ. ಅವಳು ಅಮ್ಮನಿಗೆ ಕೊಟ್ಟಳು. ಖಾಲಾ ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ, ಪದ ಪದ ಜೋಡಿಸಿ, ಶನಿವಾರ ಬರುತ್ತೀಯಾ ಎಂದು ಕೇಳಿದರು. ಹಿಂದಿನ ನಾನಾಗಿದ್ದರೆ ಕ್ಯಾಲೆಂಡರ್ ನೋಡಿ ಹೇಳುತ್ತೇನೆ ಅನ್ನುತ್ತಿದ್ದೆ.

“ಬೆಳಿಗ್ಗೆನೇ ಬರ್ತೀವಿ ಖಾಲಾ, ಸಂಜೆವರೆಗೂ ಇರ್ತೀವಿ,” ಎಂದೆ, ಕನ್ನಡದಲ್ಲೇ. ಆ ಕಡೆಯಿಂದ ಅವರು ನಮ್ಮ ಚಹಾಕ್ಕೆಂದು ಪಾತ್ರೆ ತೊಳೆದಿಡುವ ಸದ್ದು ಆಗಲೇ ಕೇಳತೊಡಗಿತು.